ನೀರಿನ ಋಣ

ಮುಂದಿನ ವರ್ಷ ಯುರೋಪಿನಲ್ಲೊಂದು ವಿಚಾರ ಸಂಕಿರಣವಿದೆ. ನನ್ನ ಪ್ರಬಂಧ ಆಯ್ಕೆಯಾಗಿ, ವೀಸಾ ಕೂಡ ಸಿಕ್ಕರೆ, ಅದು ಮುಗಿದ ಮೇಲೆ ಮೂರು ದಿನ ನನ್ನದೇ ಎಂದು ಉಳಿಯುತ್ತದೆ. ಆ ಮೂರು ದಿನವನ್ನು ನೆದರ್‌ಲ್ಯಾಂಡ್ಸಿನ ಯುಟ್ರೆಕ್ಟ್‌ನಲ್ಲಿ ಕಳೆಯಬೇಕೆಂದು ನಿರ್ಧರಿಸಿ ಎರಡು ತಿಂಗಳಾಯಿತು. ಆಮ್‌ಸ್ಟರ್‌ಡ್ಯಾಮಿನಿಂದ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಹಳೆಯ ಊರು ಇಡಿಯಾಗಿ ಕಾಲ್ನಡಿಗೆಗೆ ದಕ್ಕುವಷ್ಟು ಚಿಕ್ಕದು. ಕಂಪ್ಯೂಟರಿನಲ್ಲಿ ಒಂದು ಕೋಷ್ಟಕ ಮಾಡಿಕೊಂಡಿದ್ದೇನೆ: ಗಂಟೆ, ಜಾಗ, ಖರ್ಚು. ಶಿಷ್ಯವೇತನದಲ್ಲಿ ಬದುಕುವವರು ಇಂಥದ್ದೊಂದು ಕೋಷ್ಟಕವಿಲ್ಲದೆ ಮೈಸೂರಿಗೂ ಹೊರಡುವುದಿಲ್ಲ.

ಕೋಷ್ಟಕದ ಮೊದಲ ಸಾಲಿನಲ್ಲಿ ಔಡೆಗ್ರಾಕ್ಟ್ ಇದೆ. ಹಾಗೆಂದರೆ ಹಳೆಯ ಕಾಲುವೆ. ಊರಿನ ನಡುವೆ ಹಾದುಹೋಗುವ ಈ ಕಾಲುವೆಗೆ ಎರಡು ಅಂತಸ್ತು. ಮೇಲೆ ಬೀದಿ, ಮರ, ಮನೆಗಳ ಸಾಲು. ಕೆಲವು ಮೆಟ್ಟಿಲಿಳಿದರೆ ನೀರಿಗೆ ಹತ್ತಿಕೊಂಡೇ ಇನ್ನೊಂದು ಕಟ್ಟೆ. ಆ ಕಟ್ಟೆಗೆ ತೆರೆದುಕೊಳ್ಳುವ ನೆಲಮಾಳಿಗೆಗಳು. ಮಧ್ಯಯುಗದಲ್ಲಿ ದೋಣಿಯಿಂದಿಳಿದ ಸರಕು ಬೀದಿಗೆ ಬಾರದೆ ನೇರವಾಗಿ ಮನೆಯಡಿಯ ಈ ಕೋಣೆಗಳಿಗೆ ಸೇರುತ್ತಿತ್ತು. ಈಗ ಅಲ್ಲಿ ಕಾಫಿ ಅಂಗಡಿ, ಊಟದ ಮನೆ. ಇಂದಿಗೂ ಅಲ್ಲಿನ ಪಾನಗೃಹಗಳಿಗೆ ಬಿಯರ್ ಪೀಪಾಯಿ ಬರುವುದು ವಿದ್ಯುತ್ ದೋಣಿಯಲ್ಲಿ.

ಎಲ್ಲ ಸಾಲುಗಳೂ ತುಂಬಿದವು, ಒಂದನ್ನು ಬಿಟ್ಟು. ಅದು ಶನಿವಾರ ಮಧ್ಯಾಹ್ನ ಒಂದರಿಂದ ಎರಡು ಗಂಟೆ. ಆ ಹೊತ್ತಿನಲ್ಲಿ ಔಡೆಗ್ರಾಕ್ಟ್‌ನ ದಂಡೆಯ ಮೇಲೆ ಒಬ್ಬ ಕಲ್ಲುಕುಟಿಗ ಕುಳಿತು ನೆಲಹಾಸಿನ ಕಲ್ಲೊಂದರ ಮೇಲೆ ಒಂದು ಅಕ್ಷರ ಕೆತ್ತುತ್ತಾನೆ. ಒಂದೇ ಅಕ್ಷರ. ಮುಂದಿನ ಶನಿವಾರ ಮತ್ತೊಂದು. ವರ್ಷಕ್ಕೆ ಐವತ್ತೆರಡು ಅಕ್ಷರ. ಒಂದು ವಾಕ್ಯ ಮುಗಿಯಲು ವರ್ಷಗಳೇ ಬೇಕು. 'ಯುಟ್ರೆಕ್ಟಿನ ಅಕ್ಷರಗಳು' ಎಂಬ ಈ ಕವಿತೆ ಶುರುವಾದದ್ದು 2 ಜೂನ್ 2012ರಂದು. 2000ದ ಮೊದಲ ದಿನವೇ ಆರಂಭವಾಗಿತ್ತೆಂದು ಲೆಕ್ಕ ಹಿಡಿದು 648 ಅಕ್ಷರಗಳನ್ನು ಅಂದೇ ಜೋಡಿಸಿದ್ದರು. ಒಬ್ಬ ಕವಿಯ ಪಾಲು ಮುಗಿದಾಗ ಇನ್ನೊಬ್ಬರು ಮುಂದುವರಿಸುತ್ತಾರೆ. ಕೊನೆ ಎಂಬುದನ್ನು ಇಟ್ಟುಕೊಂಡೇ ಇಲ್ಲ. ಹಣ ಕೊಟ್ಟು ಯಾರು ಬೇಕಾದರೂ ಒಂದು ಅಕ್ಷರದ ಪೋಷಕರಾಗಬಹುದು. ಅವರ ಹೆಸರನ್ನು ಕಲ್ಲಿನ ಪಕ್ಕದ ಮೈಯಲ್ಲಿ ಕೆತ್ತುತ್ತಾರೆ. ಕಲ್ಲನ್ನು ಹೂತ ಮೇಲೆ ಆ ಹೆಸರು ಯಾರಿಗೂ ಕಾಣುವುದಿಲ್ಲ.

ನನ್ನ ಸಂಶೋಧನೆ ಕನ್ನಡ ಶಾಸನಗಳ ಮೇಲೆ. ಕೆರೆಯ ಹೂಳು ತೆಗೆಯಲು ಬಂಡಿ, ಕೋಣಗಳ ಖರ್ಚಿಗೆಂದು ಬಿಟ್ಟ ಭೂಮಿ, ಏರಿಯ ದುರಸ್ತಿಗೆಂದು ಕೊಟ್ಟ ಬಿತ್ತುವಟ್ಟ, ಕೊನೆಗೆ ದಾನವನ್ನು ಕೆಡಿಸಿದವರಿಗೆ ಶಾಪ. ಇವನ್ನೇ ನಾಲ್ಕು ವರ್ಷದಿಂದ ಓದುತ್ತಿದ್ದೇನೆ. ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಪದ 'ಆಚಂದ್ರಾರ್ಕ'. ಸೂರ್ಯ ಚಂದ್ರರು ಇರುವತನಕ ಎಂದು ಅರ್ಥ. ಈ ಪದವನ್ನು ನಾನು ಬಹಳ ಕಾಲ ಬರೀ ವಾಡಿಕೆಯ ಅಲಂಕಾರವೆಂದುಕೊಂಡಿದ್ದೆ. ಯುಟ್ರೆಕ್ಟಿನ ಕಲ್ಲುಕುಟಿಗನ ಬಗ್ಗೆ ಓದಿದಾಗಲೇ ಅನಿಸಿದ್ದು, ಅದರಲ್ಲೊಂದು ನಿಜವಾದ ಯೋಜನೆಯಿದೆ ಎಂದು. ಕೆರೆ ಕಟ್ಟಿಸಿದವರಿಗೆ ತಾವು ಕಾಣದ ಮಳೆಗಾಲಗಳ ಬಗ್ಗೆ ಯೋಚನೆಯಿತ್ತು. ನನ್ನ ಕೋಷ್ಟಕವೂ ಯೋಜನೆಯೇ. ಆದರೆ ಅದರಲ್ಲಿ ಕೊಡುವ ಅಂಕಣವೇ ಇಲ್ಲ. ಇರುವುದೆಲ್ಲ ಪಡೆಯುವ ಅಂಕಣಗಳು.

ಅಲ್ಲಿಂದ ಶುರುವಾದ ಪ್ರಶ್ನೆ ಇದು: ಇನ್ನೊಬ್ಬರು ಕಷ್ಟಪಟ್ಟು ಉಳಿಸಿಕೊಂಡ ಚೆಲುವನ್ನು ಮೂರು ದಿನ ಉಂಡು ಬರುವವರು ಯಾರಿಗಾದರೂ ಏನನ್ನಾದರೂ ಕೊಡಬೇಕಿದೆಯೆ?

ಕಷ್ಟಪಟ್ಟು ಎಂಬ ಮಾತನ್ನು ಸುಮ್ಮನೆ ಬಳಸಲಿಲ್ಲ. ನಡೆಯಲು ಹಿತವಾದ ಊರು ಅಂದರೆ ಅದು ಹಾಗೇ ಹುಟ್ಟಿ, ಹಾಗೇ ಉಳಿದುಬಂತು ಎಂದು ನಾನು ನಂಬಿದ್ದೆ. ಯುಟ್ರೆಕ್ಟಿಗೆ ನಗರದ ಹಕ್ಕು ಸಿಕ್ಕಿದ್ದು 1122ರಲ್ಲಿ. ಆಗಿನಿಂದ ಹಳೆಯ ಊರನ್ನು ಬಳಸಿಕೊಂಡು ಒಂದು ಅಗಳು ಇದೆ. 1958ರಲ್ಲಿ ಸಂಚಾರ ತಜ್ಞರೊಬ್ಬರು ಆ ಅಗಳನ್ನು ಮುಚ್ಚಿ ಸುತ್ತಲೂ ವಾಹನಗಳಿಗೆ ವರ್ತುಲ ರಸ್ತೆ ಮಾಡಬೇಕೆಂದು ಯೋಜನೆ ಕೊಟ್ಟರು. ಜನ ವಿರೋಧಿಸಿದರು. ಪೂರ್ತಿ ಮುಚ್ಚುವುದು ತಪ್ಪಿತು. ಆದರೂ ರೈಲು ನಿಲ್ದಾಣದ ಬದಿಯ ಕಥರೈನೆ ಅಗಳಿನ ಒಂದು ಭಾಗ ಬರಿದಾಯಿತು. 1970ರ ದಶಕದ ಆರಂಭಕ್ಕೆ ನೀರಿದ್ದ ಕಡೆ ವೇಗದ ರಸ್ತೆ ಬಂತು, ಪಕ್ಕದಲ್ಲಿ ದೊಡ್ಡ ಮಾಲು ಎದ್ದಿತು.

ಅದೇ ಕಾಲದಲ್ಲಿ ಆ ದೇಶದ ರಸ್ತೆಗಳಲ್ಲಿ ಜನ ಸಾಯುತ್ತಿದ್ದರು. 1971ರ ಒಂದೇ ವರ್ಷದಲ್ಲಿ ಸುಮಾರು 3,300 ಮಂದಿ. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮಗುವನ್ನು ಕಳೆದುಕೊಂಡ ವಿಕ್ ಲಾಂಗೆನ್‌ಹೋಫ್ ಎಂಬ ಪತ್ರಕರ್ತ 1972ರಲ್ಲಿ ಬರೆದ ಲೇಖನದ ತಲೆಬರಹವೇ 'ಮಕ್ಕಳ ಕೊಲೆ ನಿಲ್ಲಿಸಿ'. ಅದೇ ಹೆಸರಿನಲ್ಲಿ ಚಳವಳಿ ಹುಟ್ಟಿತು. ತಂದೆ ತಾಯಿಯರು ಮಕ್ಕಳೊಡನೆ ಬೀದಿಗಿಳಿದರು, ರಸ್ತೆ ತಡೆದರು. ಇಂದು ಪ್ರವಾಸಿಗರು ಮೆಚ್ಚುವ ಸೈಕಲ್ ದಾರಿಗಳ ಹಿಂದೆ ಈ ಶೋಕವೂ ಇದೆ. ಯುಟ್ರೆಕ್ಟಿನಲ್ಲಿ 2002ರಲ್ಲಿ ಜನಮತ ಕೇಳಿದಾಗ ನಾಗರಿಕರು ಅಗಳಿಗೆ ನೀರು ಮರಳಿಸುವ ಯೋಜನೆಯನ್ನು ಆರಿಸಿದರು. ಕೊನೆಯ ತುಂಡಿಗೆ ನೀರು ಬಂದದ್ದು 12 ಸೆಪ್ಟೆಂಬರ್ 2020ರಂದು. ಮುಚ್ಚಿದ್ದನ್ನು ತೆರೆಯಲು ಹೆಚ್ಚು ಕಡಿಮೆ ಅರ್ಧ ಶತಮಾನ. ಮುಚ್ಚಬೇಡಿ ಎಂದು ಕೂಗಿದ್ದ ಎಷ್ಟೋ ಜನ ಆ ವೇಳೆಗೆ ಇರಲಾರರು.

ಹಾಗಾದರೆ ನಾನು ಕೊಡಬೇಕಾದದ್ದು ಏನು? ರೈಲಿಗೆ, ಹಾಸಿಗೆಗೆ, ಡೊಮ್ ಗೋಪುರದ 465 ಮೆಟ್ಟಿಲು ಹತ್ತುವುದಕ್ಕೆ ಹಣ ಕೊಡುತ್ತೇನೆ. ಅಲ್ಲಿಗೆ ಲೆಕ್ಕ ಚುಕ್ತಾ ಎನ್ನಬಹುದು. ಆದರೆ ಕನ್ನಡದಲ್ಲಿ ಸಾಲ ಬೇರೆ, ಋಣ ಬೇರೆ. ಸಾಲಕ್ಕೆ ಪತ್ರವಿದೆ, ಬಡ್ಡಿಯಿದೆ, ತೀರಿದ ದಿನವಿದೆ. ಋಣಕ್ಕೆ ಇದಾವುದೂ ಇಲ್ಲ. ಯಾವುದೋ ಊರಿಗೆ ವರ್ಗವಾದವರಿಗೆ 'ಆ ಊರಿನ ನೀರಿನ ಋಣ ನಿಮಗಿತ್ತು' ಎಂದು ಹೇಳುತ್ತಾರಲ್ಲ, ಅಲ್ಲಿ ಯಾರೂ ನೀರಿನ ಬೆಲೆಯ ಮಾತಾಡುತ್ತಿರುವುದಿಲ್ಲ. ನಮ್ಮ ಹಳೆಯ ಚಿಂತನೆಯ ಋಷಿಋಣ, ಪಿತೃಋಣಗಳಲ್ಲಿ ಒಂದು ವಿಚಿತ್ರವಿದೆ: ಕೊಟ್ಟವರಿಗೆ ಹಿಂದಿರುಗಿಸುವುದು ಅಲ್ಲಿ ಮುಖ್ಯವಲ್ಲ. ಋಷಿಗಳಿಂದ ಬಂದ ವಿದ್ಯೆಯನ್ನು ತಾನು ಕಲಿತು ಉಳಿಸುವುದರಿಂದ, ಹಿರಿಯರಿಂದ ಬಂದ ಬದುಕನ್ನು ಕಿರಿಯರಿಗೆ ಕೊಡುವುದರಿಂದ ಅದು ತೀರುತ್ತದೆ. ಪಡೆದದ್ದು ಹಿಂದಿನವರಿಂದ, ಸಲ್ಲಿಸುವುದು ಮುಂದಿನವರಿಗೆ.

ಈ ಉತ್ತರ ನನಗೆ ಎಷ್ಟು ಸುಲಭವಾಗಿ ಒದಗಿತೆಂದರೆ ಅದರ ಮೇಲೇ ಅನುಮಾನ ಬಂತು. ತಾನು ಮಾಡದ ಋಣಕ್ಕೆ ಮನುಷ್ಯ ಬಾಧ್ಯ ಎನ್ನುವುದು ಅಪಾಯದ ಮಾತು. ನಮ್ಮ ನೆಲದಲ್ಲಿ ಜೀತ ನಡೆದದ್ದು ಇದೇ ತರ್ಕದ ಮೇಲೆ. ಅಜ್ಜ ಮಾಡಿದ ಸಾಲಕ್ಕೆ ಮೊಮ್ಮಗ ಗೌಡರ ಮನೆಯಲ್ಲಿ ದುಡಿಯಬೇಕು. 1976ರಲ್ಲಿ ಅದನ್ನು ತಡೆಯಲು ಕಾನೂನೇ ಬರಬೇಕಾಯಿತು. 'ನಿನ್ನನ್ನು ಓದಿಸಿದ ಋಣ' ಎಂದು ಹೇಳಿ ಹೆಣ್ಣುಮಕ್ಕಳನ್ನು ಒಲ್ಲದ ಮದುವೆಗೆ ಒಪ್ಪಿಸಿದ್ದನ್ನು ನಾನೇ ಕಂಡಿದ್ದೇನೆ. ಋಣ ಎಂಬ ಪದವನ್ನು ಮೆಚ್ಚಿಕೊಳ್ಳುವ ಮೊದಲು ಅದು ಯಾರ ಬಾಯಿಂದ, ಯಾರ ಮೇಲೆ ಬರುತ್ತಿದೆ ಎಂದು ನೋಡಬೇಕು.

ಜೀತದಲ್ಲಿ ಬಾಗಿಲ ಮುಂದೆ ಒಬ್ಬ ನಿಂತಿರುತ್ತಾನೆ. ಎಷ್ಟು, ಯಾವಾಗ, ಹೇಗೆ ತೀರಿಸಬೇಕೆಂದು ಅವನೇ ಹೇಳುತ್ತಾನೆ. ತೀರಿತೋ ಇಲ್ಲವೋ ಎಂದು ಹೇಳುವವನೂ ಅವನೇ. ಔಡೆಗ್ರಾಕ್ಟ್‌ನ ಕಲ್ಲಿನಲ್ಲಿ ಪೋಷಕರ ಹೆಸರು ಮಣ್ಣಿಗೆ ಮುಖ ಮಾಡಿದೆ. ಅದು ಯಾರನ್ನೂ ಏನನ್ನೂ ಕೇಳಲಾರದು. ಅಗಳಿಗೆ ನೀರು ತರಿಸಿದ ಮತದಾರರು ನನ್ನ ವಿಳಾಸ ಹುಡುಕಿಕೊಂಡು ಬರುವುದಿಲ್ಲ. ಕೇಳುವವರಿಲ್ಲದ ಇಂಥ ಋಣವನ್ನು ಮರೆತರೂ ನಡೆಯುತ್ತದೆ. ಅದಕ್ಕೇ ಅದನ್ನು ನೆನಪಿಟ್ಟುಕೊಳ್ಳುವುದು ನಮ್ಮ ಸ್ವಂತ ನಿರ್ಧಾರವಾಗಲು ಸಾಧ್ಯ. ಒತ್ತಾಯದಿಂದ ತೀರಿಸಿದ್ದು ವಸೂಲಿಯಾಗುತ್ತದೆ.

ಹಾಗೆಂದು ಕೇಳುವವರಿರುವ ಕಡೆಯೂ ಇದೇ ಮಾತು ಹೇಳಿ ಜಾರಿಕೊಳ್ಳುವಂತಿಲ್ಲ. ಯುಟ್ರೆಕ್ಟ್ ಎಂಬ ಹೆಸರನ್ನು ಇತಿಹಾಸದ ವಿದ್ಯಾರ್ಥಿಗಳು ಮೊದಲು ಕೇಳುವುದು 1713ರ ಒಪ್ಪಂದದ ಮೂಲಕ. ಯುರೋಪಿನ ದೊಡ್ಡ ಯುದ್ಧವೊಂದನ್ನು ಕೊನೆಗೊಳಿಸಿದ ಆ ಒಪ್ಪಂದಗಳು, ಸ್ಪೇನಿನ ಅಮೆರಿಕನ್ ವಸಾಹತುಗಳಿಗೆ ವರ್ಷಕ್ಕೆ 4,800ರ ಲೆಕ್ಕದಲ್ಲಿ ಮೂವತ್ತು ವರ್ಷ ಆಫ್ರಿಕದ ಗುಲಾಮರನ್ನು ಒದಗಿಸುವ ಹಕ್ಕನ್ನು ಬ್ರಿಟನ್ನಿಗೆ ಕೊಟ್ಟವು. ಶಾಂತಿಯ ಕಾಗದದಲ್ಲೇ ಮನುಷ್ಯರ ಎಣಿಕೆ. ಗುಲಾಮಗಿರಿಯಲ್ಲಿ ನಗರದ ಹಳೆಯ ಆಡಳಿತಕ್ಕಿದ್ದ ಪಾಲಿಗಾಗಿ ಯುಟ್ರೆಕ್ಟಿನ ಮೇಯರ್ 2022ರ ಫೆಬ್ರವರಿಯಲ್ಲಿ ಕ್ಷಮೆ ಕೇಳಿದರು. ಇಲ್ಲಿ ಲೆಕ್ಕ ಕೇಳುವವರಿದ್ದಾರೆ, ಅವರ ಅಜ್ಜಂದಿರಿಗೆ ಹೆಸರುಗಳಿದ್ದವು. ಇಂಥಲ್ಲಿ 'ಮುಂದಿನವರಿಗೆ ಏನೋ ಮಾಡುತ್ತೇವೆ' ಎಂದರೆ ಸಾಲದು. ಕೇಳಿದವರ ಮುಖ ನೋಡಿಯೇ ಉತ್ತರಿಸಬೇಕು. ಕಾಲುವೆಗೆ ನೀರು ಮರಳಿಸಿದಂತೆ ಇದನ್ನು ಮರಳಿಸಲಾಗದು.

ಸರಿಪಡಿಸಲಾಗದ್ದರ ಜೊತೆ ಬದುಕುವುದಕ್ಕೂ ಆ ಊರಿನಲ್ಲಿ ಒಂದು ಗುರುತಿದೆ. 1674ರ ಆಗಸ್ಟ್ 1ರ ಬಿರುಗಾಳಿಗೆ ಡೊಮ್ ಚರ್ಚಿನ ನಡುಭಾಗ ಕುಸಿದುಬಿತ್ತು. ಅವಶೇಷ ಒಂದೂವರೆ ಶತಮಾನ ಹಾಗೇ ಬಿದ್ದಿತ್ತು. ಅದನ್ನು ತೆಗೆದರು, ಮತ್ತೆ ಕಟ್ಟಲಿಲ್ಲ. ಇಂದಿಗೂ 112 ಮೀಟರಿನ ಗೋಪುರ ಒಂದು ಕಡೆ, ಚರ್ಚು ಇನ್ನೊಂದು ಕಡೆ. ನಡುವೆ ಬಯಲು. ನೆಲಹಾಸಿನಲ್ಲಿ ಹಳೆಯ ಕಂಬಗಳಿದ್ದ ಜಾಗದ ಗುರುತಿದೆ. ಜನ ಅದರ ಮೇಲೆ ನಡೆದು ಕೆಲಸಕ್ಕೆ ಹೋಗುತ್ತಾರೆ.

ಇಷ್ಟನ್ನೂ ಕೇಳಿದ ಗೆಳೆಯನೊಬ್ಬ ನಕ್ಕ. ಅವನು ಆ ದೇಶದಲ್ಲೇ ಐದು ವರ್ಷದಿಂದಿದ್ದಾನೆ. 'ಮೂರು ದಿನದ ಋಣಕ್ಕೆ ಇಷ್ಟು ಯೋಚಿಸುವ ಬದಲು ಪಿಎಚ್‌ಡಿ ಮುಗಿಸಿ ಇಲ್ಲಿಗೇ ಬಂದುಬಿಡು. ಅಲ್ಲೇನಿದೆ?' ಎಂದ. ಈ ಪ್ರಶ್ನೆಗೆ ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ, ಈಗಲೂ ಇಲ್ಲ. ವೀಸಾ ಅಧಿಕಾರಿಗೂ ತಿಳಿಯಬೇಕಾದದ್ದು ಇದೇ: ನೀವು ಮರಳಿ ಹೋಗುತ್ತೀರಿ ಎನ್ನುವುದಕ್ಕೆ ಏನು ಆಧಾರ? ವಿಶ್ವವಿದ್ಯಾಲಯದ ಪತ್ರ, ಬ್ಯಾಂಕಿನ ಲೆಕ್ಕ, ವಾಪಸು ಟಿಕೆಟಿನ ಕಾಯ್ದಿರಿಸುವಿಕೆ ಲಗತ್ತಿಸುತ್ತೇನೆ. ನನಗೆ ನಾನೇ ಏನನ್ನು ಲಗತ್ತಿಸಲಿ? ಹೋದವರನ್ನು ಋಣಗೇಡಿಗಳೆನ್ನಲು ನನಗೆ ಬಾಯಿ ಬರುವುದಿಲ್ಲ. ಗೆಳೆಯ ಅಲ್ಲಿನ ನೀರು ಕುಡಿದು ಅಲ್ಲಿನ ತೆರಿಗೆ ಕಟ್ಟುತ್ತಾನೆ, ನಗರಸಭೆಯ ಚುನಾವಣೆಯಲ್ಲಿ ಮತ ಹಾಕುತ್ತಾನೆ. ಪಡೆದದ್ದನ್ನು ಮುಂದಕ್ಕೆ ಕೊಡುವುದಕ್ಕೆ ಪಾಸ್‌ಪೋರ್ಟಿನ ಬಣ್ಣ ಮುಖ್ಯವಲ್ಲ. ಎಲ್ಲಿದ್ದರೂ ಬರೀ ಅತಿಥಿಯಾಗಿಯೇ ಉಳಿದುಬಿಡುವುದು ನನ್ನ ಭಯ. ನಾನು ಹುಟ್ಟಿದ ನಗರದಲ್ಲೂ ಇಷ್ಟು ದಿನ ಒಂದು ಬಗೆಯ ಪ್ರವಾಸಿಯಂತೆಯೇ ಇದ್ದೆನಲ್ಲ ಎಂಬ ಅಳುಕೂ ಇದೆ.

ಪ್ರಯಾಣ ಶುರುವಾಗುವುದು ಮೆಜೆಸ್ಟಿಕ್‌ನಿಂದ. ವಿಮಾನ ನಿಲ್ದಾಣದ ಬಸ್ಸು ಅಲ್ಲಿಂದ ಹೊರಡುತ್ತದೆ. ಕೆಂಪೇಗೌಡ ಬಸ್ ನಿಲ್ದಾಣವಿರುವ ಆ ಜಾಗ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆಯ ಅಂಗಳ. ಕೆರೆ ಹೋಗಿ ರಸ್ತೆಯಾದಲ್ಲಿ ಬಸ್ಸು ಹತ್ತಿ, ರಸ್ತೆ ಹೋಗಿ ನೀರಾದಲ್ಲಿಗೆ ಇಳಿಯುವ ಪ್ರಯಾಣವಿದು. ಧರ್ಮಾಂಬುಧಿಗೆ ಮತ್ತೆ ನೀರು ಬಿಡಿ ಎಂದು ನಾನು ಕೇಳುತ್ತಿಲ್ಲ. ಲಕ್ಷಾಂತರ ಜನರ ದಿನದ ಅನ್ನ ಆ ನಿಲ್ದಾಣದ ಮೇಲೆ ನಡೆಯುತ್ತಿದೆ. ಅದು ನಮ್ಮ ಡೊಮ್ ಬಯಲು ಇರಬಹುದು. ಆದರೆ ನಮ್ಮ ಮನೆಯಿಂದ ಹತ್ತು ನಿಮಿಷ ನಡೆದರೆ ಇನ್ನೂ ನೀರಿರುವ ಒಂದು ಕೆರೆಯಿದೆ. ಅದರ ಏರಿಯ ಮೇಲೆ ಭಾನುವಾರ ಬೆಳಿಗ್ಗೆ ಏಳೆಂಟು ಜನ, ಹೆಚ್ಚಿನವರು ನಿವೃತ್ತರು, ಕಸ ಹೆಕ್ಕುತ್ತಾರೆ, ಸಸಿಗೆ ನೀರು ಹಾಕುತ್ತಾರೆ. ಕಲ್ಯಾಣಿಯ ಕೆರೆಗಳ ಶಾಸನ ಓದುವ ನಾನು ಈ ನಾಲ್ಕು ವರ್ಷದಲ್ಲಿ ಒಮ್ಮೆಯೂ ಅವರ ಜೊತೆ ಹೋಗಿಲ್ಲ. ಭಾನುವಾರ ಪ್ರಬಂಧ ಬರೆಯಲು ಬೇಕಿತ್ತು ಎಂಬುದು ನನ್ನ ಕಾರಣ.

ಕಳೆದ ವಾರ ಕೋಷ್ಟಕವನ್ನು ಮತ್ತೆ ತೆರೆದೆ. ಶನಿವಾರ ಒಂದು ಗಂಟೆಯ ಎದುರು 'ಅಕ್ಷರ' ಎಂದಷ್ಟೇ ಬರೆದೆ. ಖರ್ಚಿನ ಅಂಕಣ ಖಾಲಿ ಬಿಟ್ಟೆ. ಅಂದು ಯಾವ ಅಕ್ಷರ ಬರುತ್ತದೋ ತಿಳಿಯದು. ಡಚ್ ಬಾರದ ನನಗೆ ಅದು ಯಾವ ಪದದ ಭಾಗವೆಂದೂ ಗೊತ್ತಾಗದು. ಕಲ್ಲುಕುಟಿಗನ ಪಕ್ಕ ನಿಂತು ಅದು ಮುಗಿಯುವತನಕ ನೋಡುತ್ತೇನೆ.

ಆಮೇಲೆ ಕೋಷ್ಟಕದ ಕೆಳಗೆ, ಪ್ರಯಾಣದ ದಿನಗಳೆಲ್ಲ ಮುಗಿದ ಮೇಲೆ, ಇನ್ನೊಂದು ಸಾಲು ಸೇರಿಸಿದೆ. ಬಳಿಕ ಅದನ್ನು ಕತ್ತರಿಸಿ ಮೊದಲ ಸಾಲಿಗಿಂತ ಮೇಲಕ್ಕೆ ತಂದು ಕೂರಿಸಿದೆ. ವೀಸಾ ಬಂದರೂ ಬಾರದಿದ್ದರೂ ಅದು ನಡೆಯುತ್ತದಲ್ಲ ಎಂದು. ಭಾನುವಾರ, ಬೆಳಿಗ್ಗೆ ಆರೂವರೆ, ಕೆರೆ ಏರಿ.