ರಣವಾದ್ಯವೂ ಧೈರ್ಯವೂ

ರಣರಂಗದಲ್ಲಿ ವಾದ್ಯಗಳನ್ನು ನುಡಿಸುವ ಪದ್ಧತಿಯು ಬಹು ಪ್ರಾಚೀನವಾದುದು. ಭೇರಿ, ಕಹಳೆ, ಶಂಖಗಳ ಧ್ವನಿಯಿಲ್ಲದ ಯುದ್ಧವರ್ಣನೆಯು ನಮ್ಮ ಕಾವ್ಯಗಳಲ್ಲಿ ವಿರಳ. ವಾದ್ಯಘೋಷದಿಂದ ಭಟರಿಗೆ ಧೈರ್ಯವುಂಟಾಗುವುದೆಂಬುದು ಸಾಮಾನ್ಯವಾದ ನಂಬಿಕೆ. ಆದರೆ ಹಾಗೆ ಹುಟ್ಟಿದ ಆವೇಶವನ್ನು ಧೈರ್ಯವೆಂದು ಕರೆಯಬಹುದೇ ಎಂಬುದು ವಿಚಾರಾರ್ಹವಾದ ಪ್ರಶ್ನೆಯಾಗಿದೆ.

1915ನೆಯ ಇಸವಿ ಸೆಪ್ಟೆಂಬರ್ 25ರಂದು ಫ್ರಾನ್ಸ್ ದೇಶದ ಲೂಸ್ ಎಂಬಲ್ಲಿ ಬ್ರಿಟಿಷ್ ಸೈನ್ಯವು ಮೊದಲ ಬಾರಿಗೆ ಜರ್ಮನರ ಮೇಲೆ ವಿಷವಾಯುವನ್ನು ಪ್ರಯೋಗಿಸಿತು. ಗಾಳಿಯು ಅನುಕೂಲವಾಗಿ ಬೀಸದೆ, ಕೆಲವೆಡೆ ಆ ವಿಷವು ಬಿಟ್ಟವರ ಕಂದಕಗಳಲ್ಲಿಯೇ ತುಂಬಿತು. ಸ್ಕಾಟ್ಲೆಂಡಿನ ಒಂದು ದಳದ ಭಟರು ಕಂಗೆಟ್ಟರು. ಆಗ 40 ವರ್ಷ ವಯಸ್ಸಿನ ಡೇನಿಯಲ್ ಲೇಡ್ಲಾ ಎಂಬ ವಾದ್ಯಗಾರನು ಕಂದಕದ ದಂಡೆಯನ್ನೇರಿ, ಗುಂಡುಗಳ ಮಳೆಯಲ್ಲಿ ಅತ್ತಿತ್ತ ನಡೆಯುತ್ತ ಬ್ಯಾಗ್‌ಪೈಪನ್ನು ನುಡಿಸತೊಡಗಿದನು. ಭಟರು ಎದ್ದು ಶತ್ರುಗಳ ಮೇಲೆ ನುಗ್ಗಿದರು. ತಾನು ಗಾಯಗೊಳ್ಳುವವರೆಗೂ ಅವನು ನುಡಿಸುವುದನ್ನು ನಿಲ್ಲಿಸಲಿಲ್ಲ. ಅವನಿಗೆ ವಿಕ್ಟೋರಿಯಾ ಕ್ರಾಸ್ ಪದಕವು ದೊರೆಯಿತು.

ಭಟರನ್ನು ಎಬ್ಬಿಸಿದುದು ನಾದವೇ ಎಂದು ಮೇಲ್ನೋಟಕ್ಕೆ ತೋರುವುದು. ಆದರೆ ನಾದಮಾತ್ರಕ್ಕೆ ಅಷ್ಟು ಶಕ್ತಿಯಿದ್ದಿದ್ದರೆ ಕುರುಕ್ಷೇತ್ರದಲ್ಲಿ ಅರ್ಜುನನು ಗಾಂಡೀವವನ್ನು ಕೆಳಗಿಡುತ್ತಿರಲಿಲ್ಲ. ಪಾಂಚಜನ್ಯವು ಮೊಳಗಿತ್ತು, ದೇವದತ್ತವನ್ನು ಅವನೇ ಊದಿದ್ದನು, ಆದರೂ ಎದುರಿಗೆ ಬಂಧುಗಳನ್ನು ಕಂಡೊಡನೆ ಕುಸಿದು ಕುಳಿತನು. ವಾದ್ಯವು ದೇಹದ ನಡುಕವನ್ನು ನಿಲ್ಲಿಸಬಲ್ಲದು. ತಾನು ಮಾಡಹೊರಟಿರುವುದು ಧರ್ಮವೇ ಎಂಬ ಸಂಶಯಕ್ಕೆ ಉತ್ತರವನ್ನು ಹೇಳಲಾರದು. ಶಂಖಗಳು ಕೌರವರ ಕಡೆಯಲ್ಲಿಯೂ ಮೊಳಗಿದ್ದುವಷ್ಟೆ!

ಹಾಗಾದರೆ ಲೂಸಿನ ಭಟರು ಎದ್ದುದೇಕೆ? ಅದೇ ರಾಗವನ್ನು ದೂರದ ಡೇರೆಯೊಂದರಲ್ಲಿ ಕುಳಿತು ನುಡಿಸಿದ್ದರೆ ಅವರು ಏಳುತ್ತಿದ್ದರೇ? ಕೈಯಲ್ಲಿ ವಾದ್ಯವನ್ನಷ್ಟೇ ಹಿಡಿದ ಒಬ್ಬ ಮನುಷ್ಯನು ತಮಗಿಂತ ಎತ್ತರದಲ್ಲಿ, ತಮಗಿಂತ ಹೆಚ್ಚಿನ ಅಪಾಯದಲ್ಲಿ ನಿಂತಿರುವುದನ್ನು ಅವರು ಕಣ್ಣಾರೆ ಕಂಡರು. ಧೈರ್ಯವಿದ್ದುದು ಅವನಲ್ಲಿ; ನಾದವು ಅದನ್ನು ಇತರರಿಗೆ ಮುಟ್ಟಿಸಿದ ವಾಹನ ಮಾತ್ರ.

ಆದರೂ ಈ ಪ್ರಶಂಸೆಗೆ ಒಂದು ಮಿತಿಯುಂಟು. ಗಾಳಿಯು ಮಂದವಾಗಿದ್ದರೂ ವಿಷವನ್ನು ಬಿಡಲು ಆಜ್ಞೆಯಿತ್ತವರು ಆ ಕಂದಕದಲ್ಲಿರಲಿಲ್ಲ. ಲೂಸಿನ ಕಾಳಗದಲ್ಲಿ ಬ್ರಿಟಿಷರ ಕಡೆ ಮಡಿದವರೂ ಗಾಯಗೊಂಡವರೂ ಕಾಣೆಯಾದವರೂ ಸೇರಿ 50,000ವನ್ನು ಮೀರಿದರು. ಜರ್ಮನರ ವ್ಯೂಹವು ಮುರಿಯಲಿಲ್ಲ. ವಾದ್ಯಗಾರನ ಶೌರ್ಯವು ಸೇನಾಪತಿಗಳ ತಪ್ಪನ್ನು ತೊಳೆಯಲಾರದು. ಆದುದರಿಂದ ರಣಭೇರಿಯನ್ನು ಕೇಳಿದಾಗ ವಿವೇಕಿಯು ಎರಡು ವಿಷಯಗಳನ್ನು ವಿಚಾರಿಸಬೇಕು: ಅದು ಯಾವುದಕ್ಕಾಗಿ ಮೊಳಗುತ್ತಿದೆ, ಮತ್ತು ಅದನ್ನು ಬಾರಿಸುವವನು ಎಲ್ಲಿ ನಿಂತಿದ್ದಾನೆ.