ನಿದ್ದೆ ಯಾರ ಸೊತ್ತು?

ನಿದ್ದೆಗೆಟ್ಟು ದುಡಿಯುವವನನ್ನು ನಮ್ಮ ಸಮಾಜ ಹೊಗಳುತ್ತದೆ. ಹೊತ್ತು ಏರಿದ ಮೇಲೂ ಮಲಗಿದವನಿಗೆ ಸೋಮಾರಿ ಎಂಬ ಹೆಸರು. ನಿದ್ದೆ ಬಿಟ್ಟು ನಾಲ್ಕು ಕಾಸು ಹೆಚ್ಚು ಸಂಪಾದಿಸುವುದು ಅವರವರ ಇಷ್ಟ ಎಂದೂ ನಾವು ಭಾವಿಸುತ್ತೇವೆ. ಆದರೆ ನಿದ್ದೆಗೆಟ್ಟವನು ವಿಮಾನದ ಪೈಲಟ್ ಆಗಿದ್ದರೆ?

2010ರ ಮೇ 22ರ ಮುಂಜಾನೆಯನ್ನು ಕರಾವಳಿಯ ಜನ ಮರೆಯಲಾರರು. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಉರುಳಿತು. ಅದರಲ್ಲಿದ್ದ 166 ಮಂದಿಯ ಪೈಕಿ ಬದುಕುಳಿದವರು ಎಂಟೇ ಮಂದಿ. ಕಾಕ್‌ಪಿಟ್‌ನ ಧ್ವನಿಮುದ್ರಣದ ಮೊದಲ ಒಂದು ಗಂಟೆ 40 ನಿಮಿಷಗಳಲ್ಲಿ ಪೈಲಟ್‌ಗಳ ನಡುವೆ ಮಾತುಕತೆಯೇ ಇರಲಿಲ್ಲ, ಆಗಾಗ ಗೊರಕೆ ಕೇಳುತ್ತಿತ್ತು. ಕ್ಯಾಪ್ಟನ್ 10 ಸಾವಿರಕ್ಕೂ ಹೆಚ್ಚು ಗಂಟೆ ಹಾರಿದ ಅನುಭವಿ. ವಿಮಾನ ತೀರಾ ಎತ್ತರದಲ್ಲಿದೆ, ಇಳಿಸದೆ ಮತ್ತೆ ಮೇಲೇರಿಸಿ ಎಂದು ಸಹ ಪೈಲಟ್ ಮೂರು ಬಾರಿ ಹೇಳಿದರೂ ಅವರು ಇಳಿಸಲು ಮುಂದಾದರು. ಅದುವೇ ದುರಂತದ ನೇರ ಕಾರಣ ಎಂದಿತು ತನಿಖಾ ನ್ಯಾಯಾಲಯ. ಆಗಷ್ಟೇ ನಿದ್ದೆಯಿಂದೆದ್ದವರ ಮಂಪರು ಅವರ ತೀರ್ಮಾನವನ್ನು ಕೆಡಿಸಿರಬಹುದು ಎಂದೂ ಸೇರಿಸಿತು.

ಅದೇ ವರದಿಯಲ್ಲಿ ಇನ್ನೊಂದು ಮಾತಿದೆ. ಹಾರಾಟಕ್ಕೆ ಮೊದಲು ಕ್ಯಾಪ್ಟನ್‌ಗೆ ಸಾಕಷ್ಟು ವಿಶ್ರಾಂತಿಯ ಅವಕಾಶವಿತ್ತು. ಅಂದರೆ ಲೆಕ್ಕದ ಪ್ರಕಾರ ಎಲ್ಲವೂ ಸರಿಯಾಗಿತ್ತು. ಆದರೆ ದೇಹಕ್ಕೆ ತನ್ನದೇ ಗಡಿಯಾರವಿದೆ. ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ ಅದು ನಿದ್ದೆಯನ್ನೇ ಬೇಡುತ್ತದೆ. ಕಾನೂನು ವಿಶ್ರಾಂತಿಯ ಗಂಟೆಗಳನ್ನು ಕೊಡಬಲ್ಲುದು, ನಿದ್ದೆಯನ್ನು ಕೊಡಲಾರದು.

ಮದ್ಯ ಸೇವಿಸಿದ ಪೈಲಟ್ ಎಂದರೆ ನಾವು ಬೆಚ್ಚಿ ಬೀಳುತ್ತೇವೆ. ಅದಕ್ಕಾಗಿ ಉಸಿರಿನ ಪರೀಕ್ಷೆಯೂ ಇದೆ. ಸತತ 17 ಗಂಟೆ ಎಚ್ಚರವಿದ್ದವರ ಚುರುಕುತನ, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯಸಾರ ಇರುವವರ ಮಟ್ಟಕ್ಕೆ ಇಳಿಯುತ್ತದೆ ಎಂದು 1997ರಲ್ಲೇ ವಿಜ್ಞಾನಿಗಳು ತೋರಿಸಿದ್ದಾರೆ. ಆದರೆ ದಣಿವನ್ನು ಹಾಗೆ ಊದಿಸಿ ಅಳೆಯುವ ಯಂತ್ರವಿಲ್ಲ. ‘ನಾನು ಹಾರಬಲ್ಲೆ’ ಎಂಬ ಪೈಲಟ್‌ನ ಮಾತನ್ನೇ ನಂಬೋಣವೇ? ದಣಿವು ಮೊದಲು ಕೆಡಿಸುವುದು ವಿವೇಚನೆಯನ್ನೇ. ಹಾಗಿರುವಾಗ ದಣಿದವನ ಒಪ್ಪಿಗೆಗೆ ಏನು ಬೆಲೆ? ಕೆಲಸ ಹೋದೀತೆಂಬ ಭಯವೂ ಅವನ ಬಾಯಿ ಕಟ್ಟುತ್ತದೆ. ಆದ್ದರಿಂದಲೇ ಈ ತೀರ್ಮಾನವನ್ನು ಪೈಲಟ್‌ನಿಗಾಗಲಿ ಕಂಪೆನಿಗಾಗಲಿ ಬಿಡದೆ ಕಾನೂನು ತನ್ನ ಕೈಗೆ ತೆಗೆದುಕೊಂಡಿದೆ.

ಭಾರತದಲ್ಲಿ 2024ರ ಜನವರಿಯಲ್ಲಿ ವಿಮಾನಯಾನ ಮಹಾನಿರ್ದೇಶನಾಲಯವು ಈ ನಿಯಮಗಳನ್ನು ಬಿಗಿಗೊಳಿಸಿತು. ವಾರದ ವಿಶ್ರಾಂತಿ 36ರಿಂದ 48 ಗಂಟೆಗೆ ಏರಿತು. ರಾತ್ರಿ ಎಂದರೆ ಬೆಳಗಿನ ಐದರವರೆಗಲ್ಲ, ಆರರವರೆಗೆ ಎಂದಾಯಿತು. ರಾತ್ರಿ ವೇಳೆ ವಿಮಾನ ಇಳಿಸುವ ಮಿತಿ ಆರರಿಂದ ಎರಡಕ್ಕೆ ಇಳಿಯಿತು. ಪೈಲಟ್‌ಗಳು ನ್ಯಾಯಾಲಯದ ಮೆಟ್ಟಿಲೇರಿದ ಬಳಿಕವಷ್ಟೇ, 2025ರ ಜುಲೈ ಮತ್ತು ನವೆಂಬರ್‌ನಲ್ಲಿ ಎರಡು ಹಂತಗಳಾಗಿ ಇವು ಜಾರಿಗೆ ಬಂದವು.

ಮುಂದಿನದ್ದು ನಮ್ಮೆಲ್ಲರಿಗೂ ಗೊತ್ತು. 2025ರ ಡಿಸೆಂಬರ್‌ನಲ್ಲಿ ಇಂಡಿಗೋದ ಸಾವಿರಾರು ವಿಮಾನಗಳು ರದ್ದಾದವು. ಹೊಸ ನಿಯಮಕ್ಕೆ ತಕ್ಕಷ್ಟು ಪೈಲಟ್‌ಗಳನ್ನು ಅದು ಸಿದ್ಧಗೊಳಿಸಿರಲಿಲ್ಲ. ಮದುವೆಗೆ ಹೊರಟವರು, ರೋಗಿಗಳು, ಮಕ್ಕಳು ನಿಲ್ದಾಣಗಳಲ್ಲಿ ಪರದಾಡಿದರು. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಪರಿಹಾರವಾಗಿ ಸಿಕ್ಕಿದ್ದೇನು? ರಾತ್ರಿ ಪಾಳಿಯ ಕೆಲವು ನಿಯಮಗಳಿಂದ ಕಂಪೆನಿಗೆ 2026ರ ಫೆಬ್ರವರಿ 10ರವರೆಗೆ ವಿನಾಯಿತಿ! ಎರಡು ವರ್ಷ ಸಮಯವಿದ್ದೂ ಸಿದ್ಧವಾಗದ ಕಂಪೆನಿಯ ತಪ್ಪಿಗೆ ಪೈಲಟ್‌ನ ನಿದ್ದೆ ದಂಡ ತೆರಬೇಕಾಯಿತು. ನಮ್ಮ ಸಿಟ್ಟೇ ಅದಕ್ಕೆ ನೆಪವಾಯಿತು.

ಪೈಲಟ್‌ನ ನಿದ್ದೆ ಅವನೊಬ್ಬನ ಸೊತ್ತಾಗಿದ್ದರೆ ಅವನು ಅದನ್ನು ಮಾರಬಹುದಿತ್ತು. ಕಂಪೆನಿಯ ಸೊತ್ತಾಗಿದ್ದರೆ ಅದು ಕತ್ತರಿಸಬಹುದಿತ್ತು. ಆದರೆ ಅದರಲ್ಲಿ ಹಿಂದೆ ಕುಳಿತವರ ಪಾಲೂ ಇದೆ. ಕೊಲ್ಲಿಯಲ್ಲಿ ವರ್ಷಗಟ್ಟಲೆ ದುಡಿದು, ಮಕ್ಕಳಿಗೆ ಉಡುಗೊರೆ ಕಟ್ಟಿಕೊಂಡು ರಾತ್ರಿ ವಿಮಾನ ಹತ್ತುವವನು ತನ್ನ ಜೀವವನ್ನು ಕಾಣದ ಒಬ್ಬನ ಎಚ್ಚರಕ್ಕೆ ಒಪ್ಪಿಸಿರುತ್ತಾನೆ. ಪಾಲಿದ್ದಲ್ಲಿ ಹೊಣೆಯೂ ಇದೆ. ‘ಸಿಬ್ಬಂದಿಯ ಕರ್ತವ್ಯದ ಅವಧಿ ಮುಗಿದಿದೆ, ವಿಮಾನ ತಡವಾಗಲಿದೆ’ ಎಂಬ ಪ್ರಕಟಣೆ ಇನ್ನೊಮ್ಮೆ ಕೇಳಿದಾಗ ಬದಲಿ ಸಿಬ್ಬಂದಿ ಎಲ್ಲಿ ಎಂದು ಕಂಪೆನಿಯನ್ನು ಧಾರಾಳವಾಗಿ ಪ್ರಶ್ನಿಸೋಣ. ಮಲಗಲು ಹೋದವನನ್ನು ಮಾತ್ರ ಎಬ್ಬಿಸಿ ಕರೆತನ್ನಿ ಎನ್ನುವುದು ಬೇಡ.