ಸೋಮವಾರದಿಂದ ನೋಡ್ಕೊಳ್ಳೋರು ಯಾರು?

ಮನೆಯಲ್ಲೇ ಒಂದು ಸರ್ವರ್ ಇಟ್ಟುಕೊಳ್ಳೋದು ಈಗ ದೊಡ್ಡ ಮಾತಲ್ಲ. ಹಳೇ ಲ್ಯಾಪ್‌ಟಾಪ್, ಅದರ ಮೇಲೆ ಡೆಬಿಯನ್, ಅದರಲ್ಲಿ ಡಾಕರ್. ಫೋಟೋಗೆ ಒಂದು ಕಂಟೇನರ್, ಕಾಗದಪತ್ರಕ್ಕೆ ಇನ್ನೊಂದು. ಎಲ್ಲಾ ಓಪನ್ ಸೋರ್ಸ್, ಕಾಸು ಖರ್ಚಿಲ್ಲ, ಒಂದು ಭಾನುವಾರ ಸಾಕು. ಪ್ರಶ್ನೆ ಶುರುವಾಗೋದು ಸೋಮವಾರ: ಇನ್ನು ಇದನ್ನ ನೋಡ್ಕೊಳ್ಳೋರು ಯಾರು?

ನನ್ನೂರು ಮದ್ದೂರು, ಗುಂಡ್ಲುಪೇಟೆ ಆಚೆ, ಬಂಡೀಪುರ ಕಾಡಿನ ಅಂಚಿನಲ್ಲಿದೆ. ಆನೆ ಕಾಟಕ್ಕೆ ಅಲ್ಲಿಯ ರೈತರು ಹೊಲಕ್ಕೆ ಸೋಲಾರ್ ಬೇಲಿ ಹಾಕ್ತಾರೆ. ಬಳ್ಳಿಯೊಂದು ಹಬ್ಬಿ ತಂತಿ ಮುಟ್ಟಿದರೆ ಕರೆಂಟು ನೆಲಕ್ಕಿಳಿದು ಬೇಲಿಯ ಜೋರು ಕಮ್ಮಿಯಾಗುತ್ತೆ. ನೋಡೋಕೆ ಬೇಲಿ ಹಾಗೇ ಇರುತ್ತೆ. ಸತ್ಯ ಗೊತ್ತಾಗೋದು ಆನೆ ಬಂದ ರಾತ್ರಿ. "ಬೇಲಿ ಎಳೆಯೋದು ಒಂದಿನದ ಕೆಲ್ಸ ಕಣಪ್ಪ, ಬಳ್ಳಿ ಸವರೋದು ದಿನಾ ಇರೋದು" ಅಂತಾರೆ ನಮ್ಮಪ್ಪ.

ಬ್ಯಾಕಪ್ಪೂ ಅಷ್ಟೇ. ದಿನಾ ರಾತ್ರಿ ನಡೀತಿದೆ ಅಂತ ನಂಬಿ, ಒಂದು ಸಲವೂ ಅದರಿಂದ ಫೈಲು ವಾಪಸ್ ತೆಗೆದು ನೋಡದಿದ್ದರೆ ಅದು ಬಳ್ಳಿ ಹಬ್ಬಿದ ಬೇಲಿ. 'ಲೇಟೆಸ್ಟ್' ಅನ್ನೋ ಟ್ಯಾಗ್ ನಂಬಬೇಡಿ, ಆವೃತ್ತಿಯ ನಂಬರ್ ಹಾಕಿ. ಅಪ್‌ಡೇಟ್‌ಗೆ ಮೊದಲು ಡೇಟಾಬೇಸಿನ ನಕಲು ತೆಗೆದಿಡಿ. ಹಾಗಂತ ಅಪ್‌ಡೇಟೇ ಮಾಡದೆ ಕೂತರೆ ಹಳೇ ತೂತುಗಳು ತೆರೆದೇ ಇರ್ತವೆ.

ನಾನೊಬ್ಬನೇ ಬಳಸುವಾಗ ಇದೆಲ್ಲ ಹವ್ಯಾಸ. ಮಗಳ ಫೋಟೋ, ಅಪ್ಪನ ಜಮೀನಿನ ಪಹಣಿ ಅದರೊಳಗೆ ಸೇರಿದ ದಿನದಿಂದ ಅದು ಕೊಟ್ಟ ಮಾತು. ಮನೆಯವರು ನಂಬಿರೋದು ಡಾಕರನ್ನಲ್ಲ, ನನ್ನನ್ನ.

ಆದರೆ ಎಲ್ಲಾ ಭಾರ ಒಬ್ಬರೇ ಹೊರೋದು ನಿಷ್ಠೆಯಾ? ಲಿನಕ್ಸ್ ಯಂತ್ರಗಳಲ್ಲಿ ಬಹುತೇಕ ಎಲ್ಲೆಡೆ ಇರುವ 'ಎಕ್ಸ್‌ಝೆಡ್' ಅನ್ನೋ ಪುಟ್ಟ ತಂತ್ರಾಂಶವನ್ನ ವರ್ಷಗಟ್ಟಲೆ ಸಂಬಳವಿಲ್ಲದೆ ನೋಡ್ಕೊಂಡವರು ಲಾಸ್ಸೆ ಕಾಲಿನ್. ಅವರು ದಣಿದಿದ್ದಾಗ ಸಹಾಯಕ್ಕೆ ಬಂದವನ ಹೆಸರು ಜಿಯಾ ಟಾನ್. ವರ್ಷಗಳ ಕಾಲ ನಂಬಿಕೆ ಗಳಿಸಿ, ಆಮೇಲೆ ಅದರಲ್ಲಿ ಕಳ್ಳಬಾಗಿಲು ಇಟ್ಟ. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ಲಾಗಿನ್ ಆಗೋಕೆ ಅರ್ಧ ಸೆಕೆಂಡು ಜಾಸ್ತಿ ಹಿಡಿಯುತ್ತಿದೆ ಅಂತ ಹಿಂದೆ ಬಿದ್ದಿದ್ದಕ್ಕೆ ಅದು ಸಿಕ್ಕಿಬಿತ್ತು. ಪುಕ್ಕಟೆ ಅಂತ ಬಳಸಿದ ನಮ್ಮಲ್ಲಿ ಎಷ್ಟು ಜನ, ಆ ಒಬ್ಬ ಮನುಷ್ಯ ಹೇಗಿದ್ದಾನೆ ಅಂತ ಕೇಳಿದ್ವಿ?

ನಮ್ಮ ಮನೆ ಸರ್ವರಿನ ಲಾಸ್ಸೆ ಕಾಲಿನ್ ನಾನೇ. ನಾಳೆ ನಾನಿಲ್ಲ ಅಂದ್ರೆ ಮಗಳ ಫೋಟೋ ತೆರೆಯೋರು ಯಾರು? ಹಾಗಾಗಿ ಪಾಸ್‌ವರ್ಡು, ಡಿಸ್ಕ್ ಎಲ್ಲಿದೆ, ಯಾವುದನ್ನ ಹೇಗೆ ಶುರು ಮಾಡಬೇಕು ಅಂತ ಕನ್ನಡದಲ್ಲಿ ಎರಡು ಪುಟ ಬರೆದು ಹೆಂಡತಿ ಕೈಗೆ ಕೊಟ್ಟಿದ್ದೀನಿ. ನಕಲು ಮೂರು ಇರಬೇಕು, ಒಂದು ಮನೆಯಿಂದ ಹೊರಗಿರಬೇಕು ಅನ್ನೋದು ರೂಢಿಯ ನಿಯಮ. ನಮ್ಮ ಮೂರನೆಯದು ಮದ್ದೂರಿನ ಬೀರುವಿನಲ್ಲಿದೆ. ಬಳಸುವ ತಂತ್ರಾಂಶ ಬರೆದವರಿಗೆ ವರ್ಷಕ್ಕೊಮ್ಮೆ ಕೈಲಾದಷ್ಟು ದುಡ್ಡು, ಇಲ್ಲಾಂದ್ರೆ ಸರಿಯಾಗಿ ಬರೆದ ಒಂದು ಬಗ್ ರಿಪೋರ್ಟ್ ಕಳಿಸ್ತೀನಿ.

ನೋಡ್ಕೊಳ್ಳೋದು ಅಂದ್ರೆ ನಾನಿಲ್ಲದೆ ನಡೆಯಲ್ಲ ಅಂತ ಮಾಡಿಕೊಳ್ಳೋದಲ್ಲ. ನಾನಿಲ್ಲದಿದ್ದರೂ ನಡೆಯುವ ಹಾಗೆ ಮಾಡಿಡೋದು.